ಗುಜರಿ ಮರಿಸ್ವಾಮಿಯ ರೆಕ್ಕೆ ಹೆಂಗಸು

ಮೈಸೂರಿನ ಸಂತೆಪೇಟೆಯ ಗುಜರಿ ಮರಿಸ್ವಾಮಿ ಸುಳ್ಳು ಬೆರೆಸದೆ ಮಾರುತ್ತಿದ್ದ ಸಾಮಾನು ಒಂದೇ ಒಂದು. ಕಾಲು ಮುರಿದ ಕುರ್ಚಿಯನ್ನು ‘ಗೋಡೆಗೆ ಒರಗಿಸೋಕೆ ಅಂತಲೇ ಮಾಡಿಸಿದ್ದು ಕಣ್ರೀ’ ಎಂದು ಮಾರಿದವನು ಅವನು. ಹೋದ ತಿಂಗಳು ಎರಕ ಹೊಯ್ದ ದೀಪದ ಕಂಬಕ್ಕೆ ಸೆಗಣಿ ಬಳಿದು, ಎರಡು ಮಳೆ ತೋರಿಸಿ, ಟಿಪ್ಪುವಿನ ಕಾಲಕ್ಕೆ ಕಳಿಸಿಕೊಟ್ಟವನು. ಆದರೆ ಸಿಪಾಯಿಯ ಪದಕವೋ ಟೋಪಿಯ ಬಿಲ್ಲೆಯೋ ಕೈಗೆ ಬಂತೆಂದರೆ ಮಾತ್ರ ಅವನ ಮೈಮೇಲೆ ಹರಿಶ್ಚಂದ್ರ ಬರುತ್ತಿದ್ದ. ‘ಇದು ಇಂಥ ಕಾಲದ್ದು, ಇಂಥವನದು, ಇಷ್ಟು ಸವೆದಿದೆ. ಬೇಕಾದ್ರೆ ತಗೊಳ್ಳಿ, ಬ್ಯಾಡವಾದ್ರೆ ಬುಡಿ.’ ಅಲ್ಲಿಗೆ ಮುಗಿಯಿತು.

ಈ ಸತ್ಯ ಅವನಿಗೆ ಹುಟ್ಟಿನಿಂದ ಬಂದದ್ದಲ್ಲ. ಒಂದು ಹೋರಿಯಿಂದ ಬಂದದ್ದು.

ಯುದ್ಧ ಮುಗಿದು ಸ್ವಾತಂತ್ರ್ಯವೂ ಬಂದ ಹೊಸದರಲ್ಲಿ ಸಂತೆಪೇಟೆಗೆ ಹಿತ್ತಾಳೆಯ ಸುಗ್ಗಿ. ಕೆಲಸ ಬಿಟ್ಟು ಬಂದ ಸಿಪಾಯಿಗಳ ಬೆಲ್ಟಿನ ಬಕಲು, ಕೋಟಿನ ಗುಂಡಿ, ಟೋಪಿಯ ಬಿಲ್ಲೆ, ಬಣ್ಣಬಣ್ಣದ ಪಟ್ಟಿಯ ಪದಕ, ಎಲ್ಲವೂ ಗೋಣಿಚೀಲದಲ್ಲಿ ಬಂದು ತಕ್ಕಡಿಯ ಮೇಲೆ ಕೂರುತ್ತಿದ್ದವು. ಉಳಿದ ಅಂಗಡಿಯವರು ತೂಕ ಹಾಕಿ ಕರಗಿಸುವವರಿಗೆ ಸಾಗಿಸಿದರು. ಮರಿಸ್ವಾಮಿ ಮಾತ್ರ ಚೀಲದ ಬಾಯಿ ಬಿಚ್ಚಿ, ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ ಒಂದೊಂದನ್ನೇ ಆರಿಸಿದ. ದಸರಾ ನೋಡಲು ಬಂದ ಬಿಳಿಯರು ಇಂಥದಕ್ಕೆ ಮುಗಿಬೀಳುವುದನ್ನು ಅವನು ನೋಡಿದ್ದ.

ಆಗ ಅವನಿಗೊಂದು ಪದಕ ಸಿಕ್ಕಿತು. ಒಂದು ಮಗ್ಗುಲಲ್ಲಿ ಗಂಡಭೇರುಂಡ, ಇನ್ನೊಂದರಲ್ಲಿ ಭರ್ಜರಿ ಹೋರಿ. ‘ತೋಪು ಎಳೆಯೋ ಎತ್ತಿನ ಪಡೆಯದು, ಅಪರೂಪದ್ದು’ ಎಂದು ಒಬ್ಬ ನಿವೃತ್ತ ಶಿರಸ್ತೇದಾರರಿಗೆ ದಾಟಿಸಿದ. ಅವರು ಅದನ್ನು ಪಡಸಾಲೆಯಲ್ಲಿ ಕಟ್ಟು ಹಾಕಿಸಿ ತೂಗುಹಾಕಿ, ‘ನಮ್ಮ ತಾತನವರದು’ ಎಂದು ಬಂದವರಿಗೆಲ್ಲ ಹೇಳಿದರು. ಮಗಳನ್ನು ನೋಡಲು ಬಂದ ಗಂಡಿನ ತಂದೆ ಎದ್ದು ಹತ್ತಿರ ಹೋಗಿ, ಕನ್ನಡಕ ಏರಿಸಿ, ಅಂಚಿನ ಮೇಲೆ ಕೆತ್ತಿದ ಸಣ್ಣ ಅಕ್ಷರವನ್ನು ಜೋರಾಗಿ ಓದಿದರು: ‘ಉತ್ತಮ ಬೀಜದ ಹೋರಿ.’ ಆಮೇಲೆ ಹಿಂತಿರುಗಿ ಕೇಳಿದರಂತೆ, ‘ತಾತನವರಾ?’

ದನಗಳ ಪ್ರದರ್ಶನದ ಬಹುಮಾನ ಅದು. ಶಿರಸ್ತೇದಾರರು ಕೊಡೆ ಹಿಡಿದುಕೊಂಡು ಸಂತೆಪೇಟೆಗೆ ಬಂದರು. ಕೊಡೆ ಬಿಚ್ಚುವುದಕ್ಕಲ್ಲ. ಅವತ್ತಿನಿಂದ ಬೀದಿಯಲ್ಲಿ ಮರಿಸ್ವಾಮಿಗೆ ‘ಹೋರಿ ಮರಿಸ್ವಾಮಿ’ ಅಂತ ಹೆಸರು ಬಿತ್ತು, ಮರಿಸ್ವಾಮಿಗೆ ಬುದ್ಧಿ ಬಂತು. ಯಾವ ಪದಕ ಬಂದರೂ ಮೊದಲು ಅಂಚು ನೋಡದೆ ಬಾಯಿ ಬಿಡಬಾರದು ಎಂದು ಚಾಮುಂಡಿಯ ಮೇಲೆ ಆಣೆ ಇಟ್ಟುಕೊಂಡ.

ಆಮೇಲೆ ಆ ವಿದ್ಯೆ ಅವನಿಗೆ ಒಲಿಯಿತು ಎನ್ನಬೇಕು. ಇಂಗ್ಲಿಷಿನಲ್ಲಿ ಅಕ್ಷರ ಕೂಡಿಸಿ ಓದುವಷ್ಟೇ ಬರುತ್ತಿದ್ದವನು ರಾಜರನ್ನು ಮುಖಕ್ಷೌರದಿಂದ ಗುರುತಿಸಲು ಕಲಿತ. ಮುಸುಕು ಹೊದ್ದ ಅಜ್ಜಿ ಇದ್ದರೆ ವಿಕ್ಟೋರಿಯಾ. ಬೋಳುತಲೆ, ಗಡ್ಡ ಇದ್ದರೆ ಏಳನೇ ಎಡ್ವರ್ಡು. ತಲೆಯಲ್ಲೂ ಕೂದಲು, ಗಲ್ಲದಲ್ಲೂ ಗಡ್ಡ ಇದ್ದರೆ ಐದನೇ ಜಾರ್ಜು, ಅಂದರೆ ಮೊದಲನೇ ಯುದ್ಧ. ನುಣ್ಣಗೆ ಬೋಳಿಸಿದ್ದರೆ ಆರನೇ ಜಾರ್ಜು, ಎರಡನೇ ಯುದ್ಧ. ಬಿಲ್ಲೆಯ ಮೇಲೆ ಕಿರೀಟ ಇದ್ದರೆ ಹಳೆಯದು, ಮೂರು ಸಿಂಹ ಬಂದು ಕೂತಿದ್ದರೆ ನಮ್ಮ ಕಾಲದ್ದು. ಅಚ್ಚೊತ್ತಿದ್ದಾದರೆ ಗೆರೆ ಚೂಪು. ನಕಲು ಎರಕವಾದರೆ ಸಿಡುಬು ಬಂದ ಮುಖದ ಹಾಗೆ ಮೈಯೆಲ್ಲ ಸಣ್ಣ ತೂತು. ಗಿರಾಕಿಗೆ ಇದನ್ನೆಲ್ಲ ಹೇಳುವಾಗ ಅವನ ಕತ್ತು ಎರಡು ಬೆರಳು ಉದ್ದವಾಗುತ್ತಿತ್ತು.

‘ಅಷ್ಟು ರಾಜರ ಗಡ್ಡ ಗೊತ್ತು, ಮನೆಯಲ್ಲಿ ಸೀಮೆಎಣ್ಣೆ ಮುಗಿದದ್ದು ಮಾತ್ರ ಗೊತ್ತಿಲ್ಲ’ ಎನ್ನುತ್ತಿದ್ದಳು ಅವನ ಹೆಂಡತಿ ಸರೋಜಮ್ಮ. ಅಂಗಡಿಯ ಹಿಂದೆಯೇ ಮನೆ. ನಡುವೆ ಒಂದು ಗೋಣಿತಾಟಿನ ಪರದೆ. ಆ ಪರದೆ ಮಾತನ್ನು ಯಾವತ್ತೂ ತಡೆದದ್ದಿಲ್ಲ.

ಇಂಥ ಮರಿಸ್ವಾಮಿಗೂ ಒಂದು ಕೊರಗಿತ್ತು. ನಲವತ್ತೇಳರ ಗೋಣಿಚೀಲದಲ್ಲೇ ಅವನಿಗೆ ಮೊದಲನೇ ಯುದ್ಧದ ಒಂದು ಕಂಚಿನ ಪದಕ ಸಿಕ್ಕಿತ್ತು. ಅದರ ಮೇಲೆ ಎರಡು ರೆಕ್ಕೆ ಬಿಚ್ಚಿ, ಕೈ ಚಾಚಿ ನಿಂತ ಒಬ್ಬ ಹೆಂಗಸು. ಇಂಗ್ಲಿಷರ ವಿಜಯಲಕ್ಷ್ಮಿ ಅವಳು. ಅಂಚಿನಲ್ಲಿ ಅಚ್ಚೊತ್ತಿದ ಅಕ್ಷರ: ೭೪೬, ಸವಾರ್ ಹುಚ್ಚಯ್ಯ, ಮೈಸೂರು ಲ್ಯಾನ್ಸರ್ಸ್. ಮೈಸೂರಿನ ಕುದುರೆ ಪಡೆಯವನ ಪದಕ, ಮೈಸೂರಿನಲ್ಲೇ. ಆ ಯುದ್ಧದಲ್ಲಿ ಇಂಥವರಿಗೆ ಕಂಚಿನದೊಂದು, ಬೆಳ್ಳಿಯದೊಂದು, ಜೋಡಿಯಾಗಿ ಕೊಟ್ಟಿದ್ದರು. ಎರಡರ ಅಂಚಿನಲ್ಲೂ ಒಂದೇ ನಂಬರು, ಒಂದೇ ಹೆಸರು. ಜೋಡಿ ಸಿಕ್ಕರೆ ಅದರ ಮರ್ಯಾದೆಯೇ ಬೇರೆ. ಆದರೆ ಬೆಳ್ಳಿಯದು ಎಲ್ಲಿ ಸಿಗಬೇಕು? ಎರಡೂವರೆ ತೊಲಕ್ಕೂ ಮೇಲಿನ ಬೆಳ್ಳಿ. ಮನೆಯಲ್ಲಿ ಮೊಮ್ಮಗು ಹುಟ್ಟಿತೆಂದರೆ ಆಚಾರಿಯ ಕುಲುಮೆಗೆ ಹೋಗಿ ಉಡಿದಾರವಾಗಿ ಬರುತ್ತಿತ್ತು. ಜರ್ಮನಿಯನ್ನು ಗೆದ್ದ ಬೆಳ್ಳಿಯನ್ನು ಸೊಂಟಕ್ಕೆ ಕಟ್ಟಿಕೊಂಡು ಅಂಬೆಗಾಲಿಟ್ಟ ಕೂಸುಗಳು ಈ ಊರಿನಲ್ಲಿ ಎಷ್ಟೋ.

ಹಾಗಾಗಿ ಮರಿಸ್ವಾಮಿ ಹನ್ನೊಂದು ವರ್ಷ, ಬೆಳ್ಳಿ ಪದಕ ಕಂಡಲ್ಲೆಲ್ಲ ಬಗ್ಗಿ ‘ಏಳು, ನಾಲ್ಕು, ಆರು’ ಎಂದು ಹುಡುಕಿದ. ನಿದ್ದೆಯಲ್ಲೂ ಅದನ್ನೇ ಕನವರಿಸಿದ. ಸರೋಜಮ್ಮನಿಗೆ ಗಾಯತ್ರಿ ಬಾರದಿದ್ದರೂ ಈ ಮಂತ್ರ ಬಾಯಿಪಾಠವಾಯಿತು. ‘ಆ ರೆಕ್ಕೆ ಹೆಂಗಸಿಗೆ ಗಂಡು ಹುಡುಕೋದರಲ್ಲೇ ನಿಮ್ಮ ಆಯಸ್ಸು ಮುಗೀತು’ ಎಂದು ಅವಳು ಬೀದಿಗೆ ಕೇಳುವಂತೆ ಹೇಳುತ್ತಿದ್ದಳು.

ಐವತ್ತೆಂಟನೇ ಇಸವಿ, ಮಹಾಲಯ ಅಮಾವಾಸ್ಯೆಗೆ ಮೂರು ದಿನ ಇದ್ದಾಗ ಆ ಗಂಡು ತಾನೇ ನಡೆದುಕೊಂಡು ಅಂಗಡಿಗೆ ಬಂದ.

ಕರೆತಂದವರು ಮೂವರು. ದೇವರಾಜ ಮಾರುಕಟ್ಟೆಯಲ್ಲಿ ಮಲ್ಲಿಗೆ ಮಾರುವ ಮಾದೇವಮ್ಮ, ಇಟ್ಟಿಗೆಗೂಡು ಬಡಾವಣೆಯವಳು. ರೈಲ್ವೆ ವರ್ಕ್‌ಶಾಪಿಗೆ ಹೋಗುವ ಅವಳ ಮಗ ದೇವರಾಜು. ವೈಶಾಖದಲ್ಲಿ ಮನೆ ತುಂಬಿದ ಸೊಸೆ ಪ್ರೇಮಮ್ಮ. ಅತ್ತೆ ಸೊಸೆಯರ ನಡುವೆ ದೇವರಾಜು ನಡೆದು ಬಂದ ರೀತಿ ನೋಡಿದರೆ, ಎರಡು ಎತ್ತಿನ ನಡುವೆ ಸಿಕ್ಕಿದ ನೊಗದ ನೆನಪಾಗುತ್ತಿತ್ತು.

ಮಾದೇವಮ್ಮ ಸೆರಗಿನ ಗಂಟು ಬಿಚ್ಚಿ, ಅರಿಸಿನದ ಬಟ್ಟೆ ಬಿಚ್ಚಿ, ಕುಂಕುಮ ಹಚ್ಚಿದ ಬೆಳ್ಳಿಯ ಬಿಲ್ಲೆಯೊಂದನ್ನು ಹಲಗೆಯ ಮೇಲೆ ಇಟ್ಟಳು.

‘ಅಣ್ಣಾ, ಪದಕದ ವಿಷಯದಲ್ಲಿ ನೀವು ಸುಳ್ಳು ಹೇಳಲ್ಲ ಅಂತಾರೆ. ಒಂದು ಮಾತು ಹೇಳ್ಬುಡಿ. ಇದು ನಮ್ಮ ಮಾವ ಹೌದೋ, ಅಲ್ವೋ?’

ಗುಜರಿ ವ್ಯಾಪಾರದಲ್ಲಿ ಮರಿಸ್ವಾಮಿ ಬಗೆಬಗೆಯ ಪ್ರಶ್ನೆ ಕೇಳಿದ್ದ. ಇದು ಹೊಸದು.

‘ಹಂಗಂದ್ರೆ?’

ದೇವರಾಜು ಹೇಳಿದ. ಅವನ ತಾತ ಕುದುರೆ ಪಡೆಯಲ್ಲಿ ಸವಾರ. ಮೊದಲನೇ ಯುದ್ಧಕ್ಕೆ ಮಿಸರ ದೇಶಕ್ಕೆ, ಅಂದರೆ ಈಜಿಪ್ಟಿಗೆ, ಹೋದವನು ಅಲ್ಲೇ ಜ್ವರದಲ್ಲಿ ತೀರಿಕೊಂಡ. ಅಪ್ಪ ಆಗ ತೊಟ್ಟಿಲ ಕೂಸು. ಯುದ್ಧವೆಲ್ಲ ಮುಗಿದ ಮೇಲೆ ಅಂಚೆಯಲ್ಲಿ ಇದು ಬಂತು. ಅಜ್ಜಿ ತಿಮ್ಮಮ್ಮ ಅದನ್ನು ಬಿಚ್ಚಿ ನೋಡಿದಳು: ಗಡ್ಡ ಬಿಟ್ಟ ಗಂಡಸಿನ ಮುಖ. ಹಿಂದೆ ತಿರುಗಿಸಿದಳು: ಕುದುರೆಯ ಮೇಲೆ ಗಂಡಸು. ಇನ್ನೇನು ಬೇಕು? ಸತ್ತವನ ಮುಖವನ್ನು ಸರ್ಕಾರ ಬೆಳ್ಳಿಯಲ್ಲಿ ಒತ್ತಿಸಿ ಮನೆಗೆ ಕಳಿಸಿದೆ ಎಂದು ಅಜ್ಜಿ ಎದೆಗೆ ಒತ್ತಿಕೊಂಡಳು. ತಾತನ ಫೋಟೋ ಒಂದೂ ಇರಲಿಲ್ಲ. ಆವತ್ತಿನಿಂದ ಪ್ರತಿ ಮಹಾಲಯ ಅಮಾವಾಸ್ಯೆಗೂ ಪದಕಕ್ಕೆ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿ ಸ್ನಾನ. ಆಮೇಲೆ ಬಾಳೆಲೆಯ ಮುಂದೆ ಕೂರಿಸಿ ಮುದ್ದೆ, ಬಾಡಿನ ಸಾರು, ವಡೆ, ಒಂದು ಕಟ್ಟು ಬೀಡಿ. ಅಜ್ಜಿ ಹೋದ ಮೇಲೆ ಮಾದೇವಮ್ಮ ನಡೆಸಿಕೊಂಡು ಬಂದಳು.

‘ಈಗ ಇವಳು ಎಡೆಗೆ ಅಡಿಗೆ ಮಾಡಲ್ಲ ಅಂತ ಕೂತವ್ಳೆ’ ಎಂದಳು ಮಾದೇವಮ್ಮ.

‘ಮಾಡಲ್ಲ ಅಂದಿಲ್ಲ ಅತ್ತೆ. ತಾತನಿಗಾದರೆ ಮಾಡ್ತೀನಿ. ಇದು ಐದನೇ ಜಾರ್ಜು. ನಾನು ಚರಿತ್ರೆ ಪುಸ್ತಕದಲ್ಲಿ ನೋಡಿದೀನಿ. ಇವರನ್ನ ಓಡಿಸೋಕೆ ನಮ್ಮಪ್ಪ ಜೈಲಿಗೆ ಹೋಗಿದ್ರು. ನಾನು ಇವರಿಗೆ ಮುದ್ದೆ ತೊಳಸಿ ಇಡಬೇಕಾ?’

‘ರಾಜನಂತೆ ರಾಜ! ಅಣ್ಣಾ, ಹಳೇ ರೂಪಾಯಲ್ಲಿ ರಾಜನ್ನ ನಾನೂ ನೋಡಿದೀನಿ. ತಲೆ ಮೇಲೆ ಇಷ್ಟು ದೊಡ್ಡ ಕಿರೀಟ. ಇದರಲ್ಲಿ ಎಲ್ಲಿದೆ ಕಿರೀಟ? ರಾಜ ಆದವನು ಬರೀ ತಲೇಲಿ ಅಚ್ಚಿಗೆ ಕೂರ್ತಾನಾ?’

ಮರಿಸ್ವಾಮಿ ಮನಸ್ಸಿನಲ್ಲೇ ಶಹಬಾಸ್ ಎಂದ. ಮಾತು ನೂರಕ್ಕೆ ನೂರು ಸರಿ. ರೂಪಾಯಿಯ ಜಾರ್ಜಿಗೆ ಕಿರೀಟವುಂಟು, ಈ ಪದಕದ ಜಾರ್ಜಿಗೆ ಇಲ್ಲ. ಎಷ್ಟೋ ಓದಿದ ಗಿರಾಕಿಗಳೂ ಇದನ್ನು ಗಮನಿಸಿರಲಿಲ್ಲ.

‘ಹಿಂದೆ ನೋಡಿ ಅತ್ತೆ’ ಎಂದಳು ಪ್ರೇಮಮ್ಮ. ‘ಕುದುರೆ ಮೇಲಿರೋನು ಮೈಮೇಲೆ ಬಟ್ಟೆ ಇಲ್ಲದೆ ಕೂತಿದಾನೆ. ನಮ್ಮ ತಾತ ಹಂಗೆ ಹೋಗಿದ್ರಾ ಯುದ್ಧಕ್ಕೆ?’

‘ಆ ದೇಶದಲ್ಲಿ ಶೆಕೆಯಂತೆ ಕಣಮ್ಮ. ಬರೀ ಮರಳು. ಅಲ್ಲದೆ ಬೆಳಗೊಳದಲ್ಲಿ ಬೆಟ್ಟದ ಮೇಲೆ ನಿಂತವರಿಗೇನು ಪಂಚೆ ಉಡಿಸವ್ರಾ? ಅವರಿಗೆ ಕೈ ಮುಗೀತೀಯ, ನಮ್ಮ ಮಾವ ಅಂದ್ರೆ ನಗ್ತೀಯ.’

ದೇವರಾಜು ಸೂರು ನೋಡಿದ. ಮರಿಸ್ವಾಮಿ ಪದಕ ನೋಡಿದ. ನಲವತ್ತು ವರ್ಷದ ಹುಣಸೆಹಣ್ಣಿಗೆ ಚಕ್ರವರ್ತಿಯ ಮೂಗು ಸವೆದು, ಗಡ್ಡ ಕರಗಿ, ಸುತ್ತಲಿನ ಬಿರುದಾವಳಿ ಅರ್ಧ ಅಳಿಸಿತ್ತು. ಮಂಡ್ಯದ ಕಡೆಯ ಯಾರೋ ಒಬ್ಬ ಯಜಮಾನ ಎಂದರೆ ನಂಬುವ ಹಾಗೇ ಇತ್ತು ಮುಖ. ಆದರೂ ಮರಿಸ್ವಾಮಿಗೆ ಆಣೆ ಇತ್ತಲ್ಲ.

‘ಅಮ್ಮಾ, ಬೇಜಾರು ಮಾಡ್ಕೋಬೇಡಿ. ಮುಖ ರಾಜಂದೇ. ಕುದುರೆ ಮೇಲಿರೋನು ಅವರ ಕಡೆ ಯಾವನೋ ವೀರ. ಎಲ್ಲಾ ಪದಕಕ್ಕೂ ಅದೇ ಅಚ್ಚು.’

ಮಾದೇವಮ್ಮ ಪಕ್ಕದಲ್ಲಿದ್ದ ಹಳೇ ಕಬ್ಬಿಣದ ಪೆಟ್ಟಿಗೆಯ ಮೇಲೆ ಮೆಲ್ಲಗೆ ಕುಳಿತಳು. ಮಲ್ಲಿಗೆ ಅರ್ಧ ಮೊಳ ಕಡಿಮೆ ಅಳೆದಿರಿ ಎಂದವರ ಜತೆ ಬೀದಿ ನಡುಗುವಂತೆ ಜಗಳ ಆಡುವ ಹೆಂಗಸು ಅವಳು. ಈಗ ಬಟ್ಟೆಯ ಚೂರನ್ನು ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು.

‘ಹಂಗಾದ್ರೆ ನಮ್ಮತ್ತೆ, ನಾನು... ಇಷ್ಟು ವರ್ಷ ಯಾರಿಗೆ ಇಟ್ಟಂಗಾಯ್ತು?’

ಪ್ರೇಮಮ್ಮ ಗೆದ್ದಿದ್ದಳು, ಆದರೆ ಅವಳ ಮುಖ ಗೆದ್ದವರ ಮುಖದ ಹಾಗಿರಲಿಲ್ಲ. ಅವಳು ಅತ್ತೆಯ ಕಡೆ ಒಂದು ಹೆಜ್ಜೆ ಇಟ್ಟು ನಿಂತಳು. ದೇವರಾಜು ಪದಕವನ್ನು ಮರಿಸ್ವಾಮಿಯ ಕಡೆ ತಳ್ಳಿದ.

‘ಸ್ವಾಮಿ, ಇದನ್ನ ನೀವೇ ತಗೊಂಬುಡಿ. ಮನೇಲಿದ್ರೆ ವರ್ಷಾ ವರ್ಷಾ ಇದೇ ರಾಮಾಯಣ.’

ಮರಿಸ್ವಾಮಿಯ ಕೈ ತನಗೆ ತಾನೇ ಎಡಗಿವಿಗೆ ಹೋಯಿತು. ಒಳ್ಳೆಯ ಮಾಲು ಅಗ್ಗಕ್ಕೆ ಸಿಗುವಾಗ ಅವನ ಎಡಗಿವಿ ಕೆರೆಯುತ್ತದೆ ಎಂಬುದು ಇಡೀ ಸಂತೆಪೇಟೆಗೆ ಗೊತ್ತು. ಅಣ್ಣತಮ್ಮಂದಿರು ಪಾಲಾಗುವ ಮನೆಗೆ ಹೋದರೆ ಅವನು ಎಡಗಿವಿಗೆ ಹತ್ತಿ ಇಟ್ಟುಕೊಂಡೇ ಹೋಗುತ್ತಿದ್ದ.

‘ನೋಡೋಣ’ ಎಂದು ಸಪ್ಪೆ ದನಿಯಲ್ಲಿ ಹೇಳಿ ಪದಕವನ್ನು ಎತ್ತಿಕೊಂಡ. ಕೊಳ್ಳುವ ಮೊದಲು ಅಂಚು. ಅಂಚು ಮುಖಕ್ಕಿಂತ ಹೆಚ್ಚು ಸವೆದಿತ್ತು. ಬೆರಳಿಗೆ ನುಣುಪು, ಕಣ್ಣಿಗೆ ಬರೀ ಹೊಳಪು. ಅವನು ಗೂಡಿನಿಂದ ವಿಭೂತಿ ಗಟ್ಟಿ ತೆಗೆದು ಅಂಚಿನ ಸುತ್ತ ಉಜ್ಜಿ, ಹೆಬ್ಬೆರಳಿನಿಂದ ಒರೆಸಿದ. ಮೇಲಿನದು ಹೋಗಿ, ಅಕ್ಷರದ ತಳದಲ್ಲಿ ಉಳಿದಿದ್ದ ಕೂದಲೆಳೆಯಷ್ಟು ತಗ್ಗಿನಲ್ಲಿ ಬಿಳಿಪು ನಿಂತಿತು. ಬೂದಿ ಅಳಿಸಿದ್ದನ್ನು ಬೂದಿಯಿಂದಲೇ ಓದಬೇಕು, ಅದು ಅವನ ಉಪಾಯ. ಬಾಗಿಲ ಬಿಸಿಲಿಗೆ ಓರೆಯಾಗಿ ಹಿಡಿದು, ಅಭ್ಯಾಸ ಬಿಡದೆ, ಬಾಯಲ್ಲೇ ಓದಿಕೊಂಡ.

‘ಏಳು...’

ಹಲಗೆಗೆ ಮೊಣಕೈ ಊರಿದ.

‘ನಾಲ್ಕು...’

ಅಲ್ಲಿಗೆ ಅವನ ಓದು ನಿಂತಿತು. ನಿಂತಿತೋ, ಅವನೇ ನಿಲ್ಲಿಸಿದನೋ, ಅದನ್ನು ಅವನು ಸಾಯುವವರೆಗೂ ಸರಿಯಾಗಿ ಹೇಳಲಿಲ್ಲ. ಮುಂದಿನದನ್ನು ಬಾಯಿ ಬಿಟ್ಟು ಓದದಿದ್ದರೆ ಸುಳ್ಳು ಹೇಳಿದ ಹಾಗಾಗುವುದಿಲ್ಲವಲ್ಲ. ಸುಮ್ಮನಿದ್ದರೆ ಸಾಕು, ಹನ್ನೊಂದು ವರ್ಷದ ಜೋಡಿ ಕೈಗೆ ಬಂತು. ಆಣೆಯೂ ಮುರಿಯಲಿಲ್ಲ, ವ್ಯಾಪಾರವೂ ಕೆಡಲಿಲ್ಲ. ಅವನು ಕೆಮ್ಮಿದ.

‘ಆರು!’ ಎಂದಿತು ಗೋಣಿಪರದೆ.

ಪರದೆ ಸರಿಸಿಕೊಂಡು, ಕೈಯಲ್ಲಿ ಕಾಫಿ ಲೋಟ ಹಿಡಿದು, ಸರೋಜಮ್ಮ ಹೊರಗೆ ಬಂದಳು. ‘ಏಳು ನಾಲ್ಕು ಆರು ಅಲ್ವೇನ್ರೀ? ಅಯ್ಯೋ, ನಮ್ಮ ರೆಕ್ಕೆ ಹೆಂಗಸಿನ ಗಂಡ ಸಿಕ್ಕಿದನಾ! ಹುಚ್ಚಯ್ಯ!’

ಆ ಹೆಸರು ಕಿವಿಗೆ ಬಿದ್ದದ್ದೇ, ಮಾದೇವಮ್ಮ ದಿಗ್ಗನೆ ಎದ್ದು ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಮಾವನ ಹೆಸರನ್ನು ಸೊಸೆ ಬಾಯಿಂದ ಆಡಬಾರದು. ಅವಳು ಇದುವರೆಗೆ ಆಡಿರಲೂ ಇಲ್ಲ. ‘ಎಲ್ಲಿದೆ ಅದು? ಯಾರು ಹೇಳಿದ್ರು ನಿಮಗೆ ಅವರ... ಅವರ ಅದನ್ನ?’

ಮರಿಸ್ವಾಮಿ ಹೆಂಡತಿಯನ್ನು ನೋಡಿದ ನೋಟಕ್ಕೆ ಕಾಫಿ ಆರಬೇಕಿತ್ತು. ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. ಮೇಜಿನ ಗಲ್ಲಾಪೆಟ್ಟಿಗೆಯ ತಳದಿಂದ ಕಂಚಿನ ಪದಕ ತೆಗೆದು ಬೆಳ್ಳಿಯ ಪಕ್ಕದಲ್ಲಿ ಇಟ್ಟ. ಪ್ರೇಮಮ್ಮ ಎರಡರ ಅಂಚನ್ನೂ ಬಿಸಿಲಿಗೆ ಹಿಡಿದು, ಇಂಗ್ಲಿಷ್ ಅಕ್ಷರ ಓದಿ, ‘ಒಂದೇ ಕಣ್ರೀ. ತಾತನ ಹೆಸರೇ ಇದೆ’ ಎಂದು ಗಂಡನ ತೋಳು ಹಿಡಿದಳು.

ಮಾದೇವಮ್ಮ ನೋಡುತ್ತಿದ್ದುದು ಅಂಚನ್ನಲ್ಲ, ಮುಂಭಾಗವನ್ನು.

‘ಇವಳೇ! ಇವಳೇ ಕಣೋ ದೇವರಾಜು!’

‘ಯಾರವ್ವಾ?’

‘ನಿಮ್ಮಜ್ಜಿ ಸವತಿ!’

ಆಮೇಲೆ ತಿಳಿಯಿತು ಕಂಚಿನ ಪದಕ ಮನೆ ಬಿಟ್ಟ ಕತೆ, ಮಾದೇವಮ್ಮ ತನ್ನ ಅತ್ತೆಯ ಬಾಯಲ್ಲಿ ಕೇಳಿದ್ದು. ಅಂಚೆಯಲ್ಲಿ ಬಂದದ್ದು ಎರಡು. ಒಂದರಲ್ಲಿ ಗಂಡ, ಅವನ ಕುದುರೆ. ಇನ್ನೊಂದನ್ನು ಬಿಚ್ಚಿದರೆ, ಸೀರೆ ಜಾರಿದ ಹಾಗೆ ಬಟ್ಟೆ ಸುತ್ತಿಕೊಂಡು, ರೆಕ್ಕೆ ಬಿಚ್ಚಿ, ತೋಳು ಚಾಚಿ ‘ಬಾ’ ಎನ್ನುವ ಹೆಂಗಸು. ತಿಮ್ಮಮ್ಮನಿಗೆ ಎಲ್ಲ ಅರ್ಥವಾಗಿಹೋಯಿತು. ಜ್ವರವಂತೆ ಜ್ವರ! ‘ಅಲ್ಲಿ ಸೇರಿಕೊಂಡವಳ ಮುಖವನ್ನೂ ಒತ್ತಿಸಿ ಕಳಿಸವ್ರಲ್ಲ, ಈ ಸರ್ಕಾರಕ್ಕೆ ನಾಚಿಕೆ ಇಲ್ವಾ’ ಎಂದು ಎರಡು ದಿನ ಅತ್ತು, ಮೂರನೇ ದಿನ ಪಾತ್ರೆ ಮಾರುವವಳು ಬಂದಾಗ ಸವತಿಯನ್ನು ಕೊಟ್ಟು ಒಂದು ಸೌಟು ತೆಗೆದುಕೊಂಡಳು. ಆ ಸೌಟಿನಲ್ಲೇ ಇವತ್ತಿಗೂ ಎಡೆಯ ಸಾರು ಬಡಿಸುತ್ತಾರೆ.

ಸರೋಜಮ್ಮನಿಗೆ ನಗು ತಡೆಯಲಾರದೆ ಲೋಟದ ಕಾಫಿ ಮರಿಸ್ವಾಮಿಯ ಪಂಚೆಗೆ ಹೋಯಿತು. ಪ್ರೇಮಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಕೊನೆಗೆ ಮಾದೇವಮ್ಮನೂ ನಕ್ಕಳು, ಆದರೆ ಅರ್ಧದಲ್ಲೇ ನಿಲ್ಲಿಸಿದಳು.

‘ಎಲ್ಲಾ ಸರಿ ಅಣ್ಣಾ. ಮುಖ ರಾಜಂದು, ಕುದುರೆ ಯಾವನದೋ, ಇವಳು ಯಾವಳೋ. ಹಂಗಾದ್ರೆ ನಮ್ಮ ಮಾವ ಇದರಲ್ಲಿ ಎಲ್ಲವ್ರೆ?’

ವ್ಯಾಪಾರ ಹೇಗೂ ಕೈಬಿಟ್ಟಿತ್ತು. ಮರಿಸ್ವಾಮಿ ಪಂಚೆ ಒರೆಸಿಕೊಂಡು, ತನಗೆ ಗೊತ್ತಿದ್ದ ವಿದ್ಯೆಯನ್ನು ಬಿಚ್ಚಿದ.

‘ಅಮ್ಮಾ, ಮದುವೆ ಮುಯ್ಯಿಗೆ ಚೊಂಬು ಕೊಡ್ತೀವಲ್ಲ, ಅದರ ಮೇಲೆ ಯಾರ ಹೆಸರು ಹೊಡೆಸ್ತೀವಿ?’

‘ಕೊಟ್ಟೋರದು.’

‘ಇದೂ ಮುಯ್ಯೇ. ಕೊಟ್ಟೋನು ರಾಜ, ಅದಕ್ಕೆ ಮುಖ ತನ್ನದು ಒತ್ತಿಸ್ಕೊಂಡ. ಲಕ್ಷ ಲಕ್ಷ ಪದಕಕ್ಕೂ ಅದೇ ಮುಖ. ಆದ್ರೆ ಇಸ್ಕೊಂಡೋರ ಹೆಸರು ಅಂಚಲ್ಲಿ. ಈ ಅಂಚು ಲೋಕದಲ್ಲಿ ಇನ್ನೊಬ್ಬರದಿಲ್ಲ. ಮುಖ ನೋಡಬೇಡಿ, ಬೆನ್ನು ನೋಡಬೇಡಿ. ನಿಮ್ಮ ಮಾವ ಇರೋದು ಈ ಅಂಚಲ್ಲಿ.’

ಮಾದೇವಮ್ಮ ಬೆಳ್ಳಿಯನ್ನು ಕೈಗೆ ತೆಗೆದುಕೊಂಡು, ಓದು ಬಾರದ ಬೆರಳಿನಿಂದ ವಿಭೂತಿಯ ಬಿಳಿಗೆರೆಯನ್ನು ಸವರಿದಳು. ಪದಕವನ್ನು ಚಪ್ಪಟೆಯಾಗಿ ಹಿಡಿದಳು, ನೆಟ್ಟಗೆ ಹಿಡಿದಳು, ಮಗ್ಗುಲಾಗಿ ತಿರುಗಿಸಿದಳು. ತಿರುಗಿಸಿದಾಗ ರಾಜ ಗೋಡೆಯ ಕಡೆ ಹೋದ, ಕುದುರೆ ಬೀದಿಯ ಕಡೆ ಹೋಯಿತು, ಅವಳ ಎದುರಿಗೆ ಸಣ್ಣ ಬಿಳಿ ಗೆರೆಯೊಂದೇ ಉಳಿಯಿತು.

‘ಅಂಚಲ್ಲಿದ್ರೆ ಅಂಚಿಗೇ ಎಡೆ ಇಡ್ತೀನಿ’ ಎಂದಳು. ಆಮೇಲೆ ಸೊಸೆಯ ಕಡೆ ತಿರುಗಿ, ‘ಅಂಚಿಗಾದ್ರೆ ಮುದ್ದೆ ತೊಳಸ್ತೀಯೇನಮ್ಮಾ?’

‘ಬಾಡಿನ ಸಾರೂ ಮಾಡ್ತೀನಿ ಅತ್ತೆ.’

ಅಲ್ಲಿಗೆ ಸುಖವಾಗಿ ಮುಗಿಯಬೇಕಿತ್ತು. ಆದರೆ ಮಾದೇವಮ್ಮ ಮಾರುಕಟ್ಟೆಯ ಹೆಂಗಸು. ಬೆಳ್ಳಿಯನ್ನು ಸೆರಗಿಗೆ ಕಟ್ಟಿಕೊಂಡು ಕಂಚಿನ ಕಡೆ ಕೈ ನೀಡಿದಳು. ‘ಅಂಚಲ್ಲಿ ನಿಲ್ಲಿಸಿದ್ರೆ ಸವತಿಯೂ ಕಾಣಲ್ಲ. ಅದೂ ಅವರದೇ ತಾನೆ? ಕೊಡಿ ಇತ್ಲಾಗೆ.’

ಮರಿಸ್ವಾಮಿ ಗಲ್ಲಾಪೆಟ್ಟಿಗೆಯ ಮೇಲೆ ಅಂಗೈ ಇಟ್ಟ. ‘ಕಾಸು ಕೊಟ್ಟು ತಗೊಂಡಿದ್ದು ಕಣಮ್ಮಾ. ನಿಮ್ಮತ್ತೆ ಸೌಟು ತಗೊಂಡವ್ರೆ. ಸೌಟು ವಾಪಸ್ಸು ಕೊಡ್ತೀರಾ?’

‘ಸೌಟು ಕೊಟ್ರೆ ಸಾರು ಯಾತರಲ್ಲಿ ಬಡಿಸಲಿ?’

ಇಬ್ಬರೂ ಪಳಗಿದ ವ್ಯಾಪಾರಿಗಳು. ಎಳೆದಾಡಿ, ಎದ್ದು ಹೋಗುವ ಹಾಗೆ ಮಾಡಿ, ವಾಪಸ್ಸು ಬಂದು, ಕೊನೆಗೆ ಒಂದು ಒಪ್ಪಂದಕ್ಕೆ ಬಂದರು. ಕಂಚು ಮರಿಸ್ವಾಮಿಯದೇ. ಆದರೆ ಪ್ರತಿ ಮಹಾಲಯ ಅಮಾವಾಸ್ಯೆಗೆ ಅವನೇ ಅದನ್ನು ಇಟ್ಟಿಗೆಗೂಡಿಗೆ ತರಬೇಕು, ಎಡೆ ಮುಗಿಯುವವರೆಗೆ ಇರಬೇಕು, ಉಂಡು, ಅದನ್ನು ಕರೆದುಕೊಂಡು ಹೋಗಬೇಕು. ‘ತವರಿಗೆ ಹೆಣ್ಣು ಕಳಿಸಿದ ಹಂಗಾಯ್ತು’ ಎಂದಳು ಸರೋಜಮ್ಮ.

ಅಮಾವಾಸ್ಯೆಯ ದಿನ ನಗರವೆಲ್ಲ ಮಾರನೆಯ ದಿನದ ದಸರಾ ಗಡಿಬಿಡಿಯಲ್ಲಿರುವಾಗ, ಮರಿಸ್ವಾಮಿ ಒಗೆದ ಅಂಗಿ ತೊಟ್ಟು ಇಟ್ಟಿಗೆಗೂಡಿಗೆ ಹೋದ. ಗೋಡೆಯ ಮೇಲೆ ಮಾದೇವಮ್ಮನ ತೀರಿಹೋದ ಗಂಡನ ಫೋಟೋ: ದಸರಾ ವಸ್ತುಪ್ರದರ್ಶನದಲ್ಲಿ ರಟ್ಟಿನ ವಿಮಾನದೊಳಗೆ ಒಬ್ಬನೇ ಕೂತು ತೆಗೆಸಿಕೊಂಡದ್ದು. ‘ಇಬ್ಬರಿಗೆ ಕಾಸು ಜಾಸ್ತಿ ಅಂದ ಫೋಟೋದವನು. ನಾನು ಹೊರಗೆ ಇವರ ಚಪ್ಪಲಿ ಹಿಡ್ಕೊಂಡು ನಿಂತಿದ್ದೆ’ ಎಂದಳು ಮಾದೇವಮ್ಮ. ಕೆಳಗೆ ಬಾಳೆಲೆ. ಎಲೆಯ ಮೇಲೆ ಎರಡು ರಾಗಿಮುದ್ದೆ. ಪದಕಕ್ಕೆ ಪಟ್ಟಿ ಪೋಣಿಸುವ ಕೊಂಡಿಯೇ ಈಗ ಕಾಲಾಗಿ, ಮುದ್ದೆಯೊಳಗೆ ನಾಟಿಕೊಂಡು, ಬೆಳ್ಳಿಯದೂ ಕಂಚಿನದೂ ತಲೆಕೆಳಗಾಗಿ, ಮಗ್ಗುಲಾಗಿ ನಿಂತವು. ಹೆಸರು ಮೇಲೆ, ಎದುರಿಗೆ. ರಾಜ ಶೀರ್ಷಾಸನ ಹಾಕಿ ಪಕ್ಕದ ಗೋಡೆ ನೋಡುತ್ತಿದ್ದ. ನಲವತ್ತು ವರ್ಷ ಬಿಟ್ಟಿ ಉಂಡದ್ದಕ್ಕೆ ಇಷ್ಟು ಶಿಕ್ಷೆ ಆಗಲೇಬೇಕು ಎಂದಳು ಪ್ರೇಮಮ್ಮ, ಬೀಡಿ ಕಟ್ಟು ಇಡುತ್ತಾ.

ವರ್ಷಾ ವರ್ಷಾ ಹೀಗೇ ನಡೆಯಿತು. ಮರಿಸ್ವಾಮಿ ಬಲಗೈಯಲ್ಲಿ ಉಣ್ಣುತ್ತಿದ್ದ, ಎಡಗಣ್ಣು ಕಂಚಿನ ಮೇಲೆ. ಕೈ ತೊಳೆದ ಕೂಡಲೇ ಮುದ್ದೆಯಿಂದ ಕಿತ್ತು, ಒರೆಸಿ, ಜೇಬಿಗೆ. ‘ಬುಡಿ ಅಣ್ಣಾ, ಇವತ್ತೊಂದಿನ ಇರಲಿ’ ಎಂದು ಮಾದೇವಮ್ಮ ಪ್ರತಿ ವರ್ಷ ಹೇಳುವಳು. ‘ಹೆಣ್ಣುಮಕ್ಕಳನ್ನ ರಾತ್ರಿ ಬಿಡಬಾರದು ಕಣಮ್ಮಾ’ ಎಂದು ಇವನು ಪ್ರತಿ ವರ್ಷ ಹೇಳುವನು.

ಅರವತ್ತೈದರಲ್ಲಿ, ದಸರೆಗೆ ಮೊದಲೇ ಬಂದಿಳಿದ ಬಿಳಿಯನೊಬ್ಬ ಅಂಗಡಿಗೆ ಬಂದ. ಪದಕದ ಹುಚ್ಚಿನವನು, ತಿಳಿದವನು. ಕಂಚು ಕಂಡು ಅವನ ಕಣ್ಣು ಅರಳಿತು. ಇದೊಂದೇ ಆದರೆ ಇಷ್ಟು, ಜೋಡಿ ತಂದುಕೊಟ್ಟರೆ ಅದರ ಹತ್ತರಷ್ಟು ಎಂದು ಬೆರಳಲ್ಲಿ ಎಣಿಸಿ ತೋರಿಸಿದ. ಮರಿಸ್ವಾಮಿಯ ಎಡಗಿವಿ ಮೂರು ದಿನ ಒಂದೇ ಸಮನೆ ಕೆರೆಯಿತು. ಈ ಸಾರಿ ಬೆಳ್ಳಿಯನ್ನು ಕೇಳಿಯೇ ಬಿಡಬೇಕು, ದೇವರಾಜುವಿಗೂ ಎರಡು ಮಕ್ಕಳು, ಖರ್ಚಿರುತ್ತದೆ, ಇಲ್ಲ ಎನ್ನಲಾರ ಎಂದು ಲೆಕ್ಕ ಹಾಕಿ, ಮಾತುಗಳನ್ನು ಜೋಡಿಸಿಕೊಂಡು ಇಟ್ಟಿಗೆಗೂಡಿಗೆ ಹೋದ.

ಮಾದೇವಮ್ಮ ಆಷಾಢದಲ್ಲಿ ತೀರಿಕೊಂಡಿದ್ದಳು. ಅದು ಅವನಿಗೆ ಗೊತ್ತಿತ್ತು, ಮಣ್ಣಿಗೂ ಹೋಗಿದ್ದ. ಆದರೆ ಅವತ್ತು ಎಲೆಯ ಮುಂದೆ ಏನಿರುತ್ತದೆ ಎಂದು ಅವನು ಯೋಚಿಸಿರಲಿಲ್ಲ. ಅವಳ ಫೋಟೋ ಇಲ್ಲ. ಅವಳು ರಟ್ಟಿನ ವಿಮಾನದ ಹೊರಗೆ ನಿಂತವಳು. ಪ್ರೇಮಮ್ಮ ಎಡೆ ಇಟ್ಟಿದ್ದಳು. ತಾತನ ಮುದ್ದೆಯ ಪಕ್ಕದಲ್ಲಿ, ಸವೆದು ಮಾಸಿದ ಅವಳ ಎಲೆಅಡಿಕೆಯ ಚೀಲ ಗೋಡೆಗೆ ಒರಗಿ ಕೂತಿತ್ತು. ಅದರ ಕೊರಳಿಗೆ ಒಂದು ಮೊಳ ಮಲ್ಲಿಗೆ. ಅಳತೆಯಲ್ಲಿ ತುಸು ಕಡಿಮೆಯೇ.

‘ಕೊಡಿ ಮಾವ’ ಎಂದು ಪ್ರೇಮಮ್ಮ ಕೈ ಚಾಚಿದಳು. ಕಂಚನ್ನು ಮುದ್ದೆಗೆ ನೆಟ್ಟಳು. ಅಂಚನ್ನು ಎದುರಿಗೆ ತಿರುಗಿಸಿ, ಸ್ವಲ್ಪ ಹಿಂದೆ ಸರಿದು, ನೆಟ್ಟಗಿದೆಯೇ ಎಂದು ನೋಡಿದಳು, ಅವಳ ಅತ್ತೆ ನೋಡುತ್ತಿದ್ದ ಹಾಗೆಯೇ.

ಮರಿಸ್ವಾಮಿ ಉಂಡ. ಜೋಡಿಸಿಕೊಂಡು ಬಂದಿದ್ದ ಮಾತುಗಳು ಮುದ್ದೆಯ ಜತೆ ಒಳಗೆ ಹೋದವು. ಕೈ ತೊಳೆದ. ‘ಬರ್ತೀನಮ್ಮಾ’ ಎಂದು ಮೆಟ್ಟು ಹಾಕಿಕೊಂಡು ಹೊರಟ.

ಮನೆಯಲ್ಲಿ ಸರೋಜಮ್ಮ ಅಂಗಿಯನ್ನು ಗೂಟಕ್ಕೆ ಹಾಕುವಾಗ ಜೇಬು ಮುಟ್ಟಿ ನೋಡಿದಳು. ಪ್ರತಿ ವರ್ಷ ಅಲ್ಲಿ ಮುದ್ದೆ ಮೆತ್ತಿದ ಪದಕ ಇರುತ್ತಿತ್ತು. ತೊಳೆದಿಡುವುದು ಅವಳ ಪಾಲಿನ ಕೆಲಸ.

‘ರೆಕ್ಕೆ ಹೆಂಗಸು ಎಲ್ರೀ?’

‘ಅಲ್ಲೇ ಮರ್ತು ಬಂದೆ.’

ತಕ್ಕಡಿಯ ತಟ್ಟೆಗೆ ಅಂಟಿದ ಹಿತ್ತಾಳೆ ಪುಡಿಯನ್ನೂ ಮರೆಯದ ಗಂಡನನ್ನು ಅವಳು ಮೇಲಿಂದ ಕೆಳಗೆ ನೋಡಿದಳು.

‘ಹೋಗಿ ತರ್ತೀರಾ?’

‘ಈಗ್ಯಾಕೆ?’ ಎಂದ ಮರಿಸ್ವಾಮಿ, ಚಾಪೆ ಬಿಡಿಸುತ್ತಾ. ‘ಮುಂದಿನ ಅಮಾಸೆಗೆ ಹೆಂಗೂ ಊಟಕ್ಕೆ ಹೋಗ್ಬೇಕಲ್ಲ.’